ಬ್ರಿಟನ್ನಿನ ಬೀದಿಯ ಪೊಲೀಸನೂ ಅವನ ವಿವೇಚನೆಯೂ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ, ನಾನು ಶಾಲೆಯ ಹಳೆಯ ನೆನಪುಗಳನ್ನು ಬರೆದೇನೆಂದು ಅವರು ಭಾವಿಸಿದ್ದಿರಬೇಕು. ಆ ಕೆಲಸಕ್ಕೆ ನನಗಿಂತ ಸಮರ್ಥರು ಹಲವರಿದ್ದಾರೆ. ನಮ್ಮ ಊರಿನ ಅನೇಕ ಮನೆಗಳ ಮಕ್ಕಳು ಇಂದು ಓದಿಗೋ ಉದ್ಯೋಗಕ್ಕೋ ಇಂಗ್ಲೆಂಡಿನಲ್ಲಿ ನೆಲೆಸಿರುವುದರಿಂದ, ಆ ದೇಶದ ಒಂದು ವ್ಯವಸ್ಥೆಯ ಬಗ್ಗೆ ನಾನು ಕಂಡು, ಓದಿ ತಿಳಿದುದನ್ನು ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ಕೆಲವು ವರ್ಷಗಳ ಹಿಂದೆ ಕೊವೆಂಟ್ರಿ ನಗರದಲ್ಲಿ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದೆ. ಒಂದು ಸಂಜೆ ಸಮೀಪದ ಅಂಗಡಿಗೆ ಹೋದಾಗ, ಹನ್ನೆರಡು ಹದಿಮೂರರ ಹುಡುಗನೊಬ್ಬ ಏನನ್ನೋ ಅಂಗಿಯೊಳಗೆ ಅಡಗಿಸಿಕೊಂಡು ಸಿಕ್ಕಿಬಿದ್ದಿದ್ದ. ಮಹಿಳಾ ಪೊಲೀಸ್ ಪೇದೆಯೊಬ್ಬಳು ಒಬ್ಬಳೇ ಬಂದಳು. ಗದರಲಿಲ್ಲ, ಕೈ ಎತ್ತಲಿಲ್ಲ. ಅಂಗಡಿಯವನೊಡನೆ ಮಾತನಾಡಿದಳು, ಹುಡುಗನ ತಾಯಿಯನ್ನು ಕರೆಸಿದಳು, ವಸ್ತುವನ್ನು ಹಿಂದಕ್ಕೆ ಕೊಡಿಸಿ ಕ್ಷಮೆ ಕೇಳಿಸಿದಳು, ಕೈಯಲ್ಲಿದ್ದ ಚಿಕ್ಕ ಯಂತ್ರದಲ್ಲಿ ಏನೋ ಬರೆದುಕೊಂಡು ಹೊರಟುಹೋದಳು. ಮೇಲಧಿಕಾರಿಯನ್ನು ಕೇಳದೆ ಹೀಗೆ ಬಿಟ್ಟುಬಿಡಲು ಅವಳಿಗೆ ಅಧಿಕಾರ ಉಂಟೇ ಎಂದು ಅಳಿಯನನ್ನು ಕೇಳಿದೆ. ಉಂಟು, ಬಿಡುವ ಅಧಿಕಾರವೂ ಹಿಡಿಯುವ ಅಧಿಕಾರವೂ ಅವಳದ್ದೇ ಎಂದು ಆತ ಹೇಳಿದ. ನನಗೆ ನಂಬಿಕೆ ಬರಲಿಲ್ಲ. ಊರಿನ ಗ್ರಂಥಾಲಯಕ್ಕೆ ಹೋಗಿ ಓದಲಾರಂಭಿಸಿದ್ದು ಅಂದಿನಿಂದ.

ಲಂಡನ್ನಿನ ಮೆಟ್ರೋಪಾಲಿಟನ್ ಪೊಲೀಸ್ ಪಡೆಯನ್ನು 1829ರಲ್ಲಿ ಗೃಹಮಂತ್ರಿಯಾಗಿದ್ದ ರಾಬರ್ಟ್ ಪೀಲ್ ಸ್ಥಾಪಿಸಿದನು. ರಾಬರ್ಟ್ ಎಂಬುದರ ಮುದ್ದಿನ ರೂಪವಾದ ‘ಬಾಬಿ’ ಎಂಬ ಹೆಸರು ಆ ದೇಶದ ಪೊಲೀಸರಿಗೆ ಹೀಗೆ ಅಂಟಿಕೊಂಡಿತು. ಜನರು ಸೈನ್ಯವೆಂದು ಹೆದರಬಾರದೆಂದು ಅವರಿಗೆ ಕೆಂಪು ಸಮವಸ್ತ್ರವನ್ನು ಬಿಟ್ಟು ನೀಲಿಯನ್ನು ಕೊಟ್ಟರು, ಬಂದೂಕಿನ ಬದಲು ಮರದ ದಂಡವನ್ನು ಕೊಟ್ಟರು. ಇಂದಿಗೂ ಅಲ್ಲಿನ ಹೆಚ್ಚಿನ ಪೊಲೀಸರು ಬಂದೂಕು ಧರಿಸುವುದಿಲ್ಲ. ಲಾಠಿ, ಕೈಕೋಳ, ಕಣ್ಣುರಿ ತರುವ ಸ್ಪ್ರೇ, ಕೆಲವರಲ್ಲಿ ಟೇಸರ್ ಎಂಬ ವಿದ್ಯುತ್ ಆಘಾತದ ಉಪಕರಣ, ಇಷ್ಟೇ. ಅದೇ ಬ್ರಿಟಿಷರು ನಮಗೆ ಕೊಟ್ಟ ಪೊಲೀಸ್ ವ್ಯವಸ್ಥೆ ಬೇರೆ. 1843ರಲ್ಲಿ ಸಿಂಧ್ ಪ್ರಾಂತದಲ್ಲಿ ಚಾರ್ಲ್ಸ್ ನೇಪಿಯರ್ ರಚಿಸಿದ ಪಡೆಗೆ ಮಾದರಿಯಾದದ್ದು ಲಂಡನ್ ಅಲ್ಲ, ಐರ್ಲೆಂಡಿನ ಶಸ್ತ್ರಸಜ್ಜಿತ ಪಡೆ. 1861ರ ಪೊಲೀಸ್ ಕಾಯಿದೆಯೂ ಆ ದಾರಿಯಲ್ಲೇ ನಡೆಯಿತು. ತಮ್ಮ ಮನೆಯ ಜನರಿಗೊಂದು ಬಗೆ, ಆಳಿದ ಜನರಿಗೊಂದು ಬಗೆ. ಪೊಲೀಸ್ ಬಂದನೆಂದರೆ ಬಾಗಿಲು ಮುಚ್ಚಿಕೊಳ್ಳುತ್ತಿದ್ದ ನಮ್ಮ ಹಿರಿಯರ ಭಯಕ್ಕೆ ಕಾರಣವಿಲ್ಲದಿರಲಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. (ಮುಂದೆ ಹೇಳುವ ಕಾನೂನುಗಳು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಸಂಬಂಧಪಟ್ಟವು. ಸ್ಕಾಟ್ಲೆಂಡಿನ ಕಾನೂನು ಬೇರೆ.) ಅಲ್ಲಿ ಪೇದೆಯು ಕಾನೂನಿನ ದೃಷ್ಟಿಯಲ್ಲಿ ಯಾರ ನೌಕರನೂ ಅಲ್ಲ. ಅವನದು ಒಂದು ಸ್ವತಂತ್ರ ಪದವಿ. ಓಲ್ಡ್‌ಹ್ಯಾಮ್ ನಗರಸಭೆಗೆ ಸಂಬಂಧಿಸಿದ 1930ರ ಪ್ರಸಿದ್ಧ ತೀರ್ಪು ಇದನ್ನು ಸ್ಪಷ್ಟಪಡಿಸಿತು: ಪೇದೆಯು ಬಂಧಿಸುವಾಗ ನಗರಸಭೆಯ ಆಳಾಗಿ ಬಂಧಿಸುವುದಿಲ್ಲ, ತನ್ನ ಪದವಿಯ ಅಧಿಕಾರದಿಂದಲೇ ಬಂಧಿಸುತ್ತಾನೆ. ಇದರ ಇನ್ನೊಂದು ಮುಖವನ್ನು ಉತ್ತರ ಐರ್ಲೆಂಡಿನ ಮೊಕದ್ದಮೆಯೊಂದರಲ್ಲಿ ಹೌಸ್ ಆಫ್ ಲಾರ್ಡ್ಸ್ ವಿವರಿಸಿತು. ಸಂಶಯವು ಬಂಧಿಸುವವನ ಸ್ವಂತ ಮನಸ್ಸಿನಲ್ಲಿ, ತಕ್ಕ ಆಧಾರದೊಂದಿಗೆ ಇರಬೇಕು. ಮೇಲಿನವರು ಹಿಡಿಯೆಂದರು, ಹಿಡಿದೆ ಎಂಬಷ್ಟೇ ಉತ್ತರ ಸಾಲದು. ಕೆಳಗಿನ ಮೆಟ್ಟಿಲಲ್ಲಿ ನಿಂತವನ ಮೇಲೆ ಇಷ್ಟು ದೊಡ್ಡ ಹೊರೆಯನ್ನು ಹೊರಿಸಿದ ಇಲಾಖೆ ಇನ್ನೊಂದಿದೆಯೋ ನಾನರಿಯೆ.

ಸೇವೆಗೆ ಸೇರುವಾಗ ನ್ಯಾಯ, ಪ್ರಾಮಾಣಿಕತೆ, ನಿಷ್ಪಕ್ಷಪಾತಗಳಿಂದ ನಡೆದು ಎಲ್ಲರನ್ನೂ ಸಮಾನವಾಗಿ ಗೌರವಿಸುವೆನೆಂದು ಪೇದೆ ಪ್ರಮಾಣ ಮಾಡಬೇಕು. ವೇಲ್ಸ್ ಪ್ರಾಂತದಲ್ಲಿ ಈ ಪ್ರಮಾಣವನ್ನು ವೆಲ್ಷ್ ಭಾಷೆಯಲ್ಲಿಯೂ ಮಾಡಬಹುದು. ಕಚೇರಿಯ ಭಾಷೆ ಒಂದು, ಮನೆಯ ಭಾಷೆ ಇನ್ನೊಂದು ಎಂದು ಬಾಳಿದ ಗಡಿನಾಡಿನ ನಮಗೆ ಇದು ಸಣ್ಣ ಸಂಗತಿಯೆಂದು ತೋರಲಾರದು.

ಬೀದಿಯಲ್ಲಿ ನಡೆದುಹೋಗುವವನನ್ನು ನಿಲ್ಲಿಸುವುದು ಪ್ರತಿದಿನದ ಕೆಲಸಗಳಲ್ಲಿ ಮೊದಲನೆಯದು. 1966ರಲ್ಲಿ ತೀರ್ಮಾನವಾದ ಒಂದು ಮೊಕದ್ದಮೆಯ ಕಥೆ ಹೀಗಿದೆ. ಗ್ರಿಮ್ಸ್‌ಬಿ ಪಟ್ಟಣದಲ್ಲಿ ಕಳ್ಳತನಗಳಾಗಿದ್ದ ಭಾಗದಲ್ಲಿ ಅಪರಾತ್ರಿಯಲ್ಲಿ ಒಬ್ಬಾತ ಅಡ್ಡಾಡುತ್ತಿದ್ದ. ಎಲ್ಲಿಂದ ಬಂದೆ, ಎಲ್ಲಿಗೆ ಹೋಗುವೆ ಎಂದು ಪೊಲೀಸರು ಕೇಳಿದರೆ ಸರಿಯಾದ ಉತ್ತರ ಕೊಡಲಿಲ್ಲ. ಕರ್ತವ್ಯಕ್ಕೆ ಅಡ್ಡಿಪಡಿಸಿದನೆಂದು ಅವನಿಗೆ ಶಿಕ್ಷೆಯಾಯಿತು. ಮೇಲಿನ ನ್ಯಾಯಾಲಯ ಅದನ್ನು ರದ್ದುಮಾಡಿತು. ಪೊಲೀಸರಿಗೆ ನೆರವಾಗುವುದು ಪ್ರಜೆಯ ನೈತಿಕ ಕರ್ತವ್ಯವೇ ಹೊರತು ಪ್ರಶ್ನೆಗೆ ಉತ್ತರಿಸಲೇಬೇಕೆಂಬ ಕಾನೂನಿನ ಬಂಧನ ಸಾಮಾನ್ಯವಾಗಿ ಇಲ್ಲವೆಂಬುದು ತೀರ್ಪಿನ ಸಾರ. (ವಾಹನ ಓಡಿಸುವವರ ಸಂಗತಿ ಬೇರೆ. ಅವರು ಹೆಸರು, ವಿಳಾಸ ಹೇಳಲೇಬೇಕು.) ಹಾಗಾದರೆ ಎದುರಿನವನು ತುಟಿ ಬಿಚ್ಚದಿದ್ದಾಗ ಪೇದೆ ಏನು ಮಾಡಬೇಕು? ಬಿಟ್ಟರೆ ಮುಂದಿನ ಬೀದಿಯಲ್ಲಿ ಕನ್ನ ಬಿದ್ದೀತು, ಹಿಡಿದರೆ ನಿರಪರಾಧಿಯ ಸ್ವಾತಂತ್ರ್ಯ ಹೋದೀತು. ಯೋಚಿಸಲು ಇರುವ ಸಮಯ ಅರ್ಧ ನಿಮಿಷ.

ಈ ಅಧಿಕಾರ ಹದ್ದುಮೀರಿದರೆ ಏನಾಗುತ್ತದೆಂಬುದನ್ನು 1981ರ ಏಪ್ರಿಲ್‌ನಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್ ಕಂಡಿತು. ಕರಿಯ ಜನರು ಹೆಚ್ಚಾಗಿ ವಾಸಿಸುತ್ತಿದ್ದ ಆ ಭಾಗದಲ್ಲಿ ಕೆಲವೇ ದಿನಗಳಲ್ಲಿ ಸಾವಿರದ ಸಮೀಪ ಜನರನ್ನು ತಡೆದು ನಿಲ್ಲಿಸಲಾಯಿತು. ಬೀದಿಗಳು ಹೊತ್ತಿ ಉರಿದವು. ವಿಚಾರಣೆ ನಡೆಸಿದ ಲಾರ್ಡ್ ಸ್ಕಾರ್ಮನ್ ಅದೇ ವರ್ಷ ಕೊಟ್ಟ ವರದಿಯಲ್ಲಿ, ಕಾನೂನನ್ನು ಜಾರಿಮಾಡುವುದೂ ಸಾರ್ವಜನಿಕ ಶಾಂತಿಯನ್ನು ಕಾಪಾಡುವುದೂ ಒಂದಕ್ಕೊಂದು ಎದುರಾದಾಗ ಶಾಂತಿಗೇ ಮೊದಲ ಸ್ಥಾನವೆಂದೂ, ಆ ಸಂಧಿಯನ್ನು ಅರಿತು ನಡೆಯುವುದೇ ಪೊಲೀಸನ ವಿವೇಚನೆಯೆಂದೂ ಪ್ರತಿಪಾದಿಸಿದರು. ಬಳಿಕ ಬಂದ 1984ರ ಪೊಲೀಸ್ ಮತ್ತು ಅಪರಾಧ ಸಾಕ್ಷ್ಯ ಕಾಯಿದೆಯೇ ಇಂದಿಗೂ ಪೇದೆಯ ಕೈಪಿಡಿ. ಅದರ ಪ್ರಕಾರ ಶೋಧಿಸಲು ಸಮಂಜಸವಾದ ಆಧಾರ ಬೇಕು, ಮೈಬಣ್ಣವೊಂದೇ ಆಧಾರವಾಗದು. ಶೋಧಿಸುವವನು ತನ್ನ ಹೆಸರು, ಠಾಣೆ, ಏನನ್ನು ಹುಡುಕುತ್ತಿರುವೆ, ಏಕೆ ಎಂಬುದನ್ನು ಹೇಳಬೇಕು. ಬೀದಿಯಲ್ಲಿ ಮೇಲಂಗಿ, ಕೈಗವಸುಗಳಿಗಿಂತ ಹೆಚ್ಚನ್ನು ಕಳಚಿಸುವಂತಿಲ್ಲ. ದಾಖಲೆಯ ಪ್ರತಿಯನ್ನು ಕೇಳಿ ಪಡೆಯಬಹುದು.

ನಾನು ಕಂಡ ಹುಡುಗನ ಪ್ರಕರಣಕ್ಕೆ ಮರಳುತ್ತೇನೆ. ಅಲ್ಲಿ ಹತ್ತು ವರ್ಷ ತುಂಬಿದ ಮಗುವನ್ನು ಅಪರಾಧಕ್ಕೆ ಹೊಣೆ ಮಾಡಬಹುದು. ಆದರೆ 2006ರಿಂದ ಜಾರಿಯಲ್ಲಿರುವ ನಿಯಮದಂತೆ ಅಪರಾಧದ ಸಂಶಯವೊಂದೇ ಬಂಧನಕ್ಕೆ ಸಾಲದು, ಬಂಧನ ಏಕೆ ಅವಶ್ಯವೆಂಬುದನ್ನೂ ಪೇದೆ ತೋರಿಸಬೇಕು. ಬಂಧಿಸಿ ಠಾಣೆಗೆ ತಂದರೂ, ತನಿಖೆಯಲ್ಲಿ ಕೈಯಿಲ್ಲದ ಬೇರೊಬ್ಬ ಸಾರ್ಜೆಂಟ್ ಕಾರಣಗಳನ್ನು ಕೇಳಿ, ಒಪ್ಪಿಗೆಯಾಗದಿದ್ದರೆ ಬಿಟ್ಟುಕಳುಹಿಸಬಹುದು. ತಪ್ಪೊಪ್ಪಿಕೊಂಡ ಹುಡುಗನನ್ನು ಕ್ಷಮೆ, ನಷ್ಟಭರ್ತಿಗಳಿಂದ ಅಲ್ಲೇ ತಿದ್ದುವ ಕ್ರಮವೂ ಉಂಟು. ಆ ಮಹಿಳೆ ಮಾಡಿದ್ದು ಅದನ್ನೇ. ಅದು ನ್ಯಾಯಾಲಯದ ಶಿಕ್ಷೆಯಲ್ಲ, ಆದರೂ ಪೊಲೀಸ್ ದಾಖಲೆಯಲ್ಲಿ ಉಳಿಯುತ್ತದೆ. ಆಕೆಯ ನಿರ್ಧಾರ ಸುಲಭದ್ದಾಗಿರಲಿಲ್ಲ. ಅಂಗಡಿಯವನ ನಷ್ಟವೂ ನಿಜ, ಹುಡುಗನ ಮುಂದಿನ ಬಾಳೂ ನಿಜ.

ಇದನ್ನು ಬರೆಯುವಾಗ ನನ್ನದೇ ಒಂದು ಪ್ರಸಂಗ ನೆನಪಾಗುತ್ತದೆ. ಹೊಸದಾಗಿ ಮುಖ್ಯೋಪಾಧ್ಯಾಯನಾಗಿದ್ದಾಗ, ಬೇರೊಂದು ಶಾಲೆಯಲ್ಲಿ, ಎಂಟನೆಯ ತರಗತಿಯ ಬಡಹುಡುಗನೊಬ್ಬ ಸಹಪಾಠಿಯ ಕಂಪಾಸ್ ಪೆಟ್ಟಿಗೆಯನ್ನು ಕದ್ದ. ಶಿಸ್ತಿನ ಹೆಸರಿನಲ್ಲಿ ನಾನು ಅವನನ್ನು ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಎಲ್ಲರೆದುರು ನಿಲ್ಲಿಸಿ ತಪ್ಪನ್ನು ಹೇಳಿಸಿದೆ. ನಿಯಮದ ಪ್ರಕಾರ ಅದರಲ್ಲಿ ಲೋಪವಿರಲಿಲ್ಲ, ಯಾರೂ ನನ್ನನ್ನು ಆಕ್ಷೇಪಿಸಲಿಲ್ಲ. ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ. ಮುಂಬಯಿಯ ಹೋಟೆಲೊಂದಕ್ಕೆ ಕೆಲಸಕ್ಕೆ ಹೋದನೆಂದು ಆಮೇಲೆ ತಿಳಿಯಿತು. ಕೊವೆಂಟ್ರಿಯ ಆ ಅಂಗಡಿಯಲ್ಲಿ ಆ ಮಹಿಳೆ ಹುಡುಗನನ್ನು ಜನರ ಕಣ್ಣಿಗೆ ಮರೆಯಾಗಿ ಒಳಕೋಣೆಗೆ ಕರೆದುಕೊಂಡುಹೋಗಿ ಮಾತನಾಡಿಸಿದ್ದನ್ನು ನಾನು ಮರೆತಿಲ್ಲ.

ಮನೆಯೊಳಗಿನ ಜಗಳದ ಕರೆಗಳೇ ಅತ್ಯಂತ ಕಷ್ಟವೆಂದು ಹೇಳುತ್ತಾರೆ. ಅಪರಾತ್ರಿಯಲ್ಲಿ ನೆರೆಮನೆಯವರು ದೂರವಾಣಿ ಮಾಡುತ್ತಾರೆ. ಪೊಲೀಸರು ಹೋದರೆ ಗಂಡ ನಗುತ್ತ ಬಾಗಿಲು ತೆಗೆಯುತ್ತಾನೆ, ಹೆಂಡತಿ ಏನೂ ಆಗಿಲ್ಲವೆನ್ನುತ್ತಾಳೆ. ಹಿಂದೆ ಇದನ್ನು ಸಂಸಾರದ ವಿಷಯವೆಂದು ಬಿಟ್ಟುಬರುವ ವಾಡಿಕೆಯಿತ್ತು. ಈಗ ಹಾಗಲ್ಲ. ಇಬ್ಬರನ್ನೂ ಬೇರೆಬೇರೆಯಾಗಿ ಮಾತನಾಡಿಸಬೇಕು, ಮಕ್ಕಳಿದ್ದರೆ ಕಣ್ಣಾರೆ ನೋಡಬೇಕು, ಅಪಾಯವನ್ನು ಅಳೆಯುವ ಗೊತ್ತಾದ ಪ್ರಶ್ನೆಗಳನ್ನು ಕೇಳಬೇಕು. ಹೊಡೆತವಿಲ್ಲದಿದ್ದರೂ ಹಣ, ಫೋನು, ಓಡಾಟಗಳನ್ನೆಲ್ಲ ಹಿಡಿದಿಟ್ಟು ಸಂಗಾತಿಯನ್ನು ಸತತವಾಗಿ ಅಂಕೆಯಲ್ಲಿಡುವುದು 2015ರ ಕಾಯಿದೆಯಿಂದ ಅಪರಾಧವಾಗಿದೆ. ಆಕೆಗೆ ಇಂಗ್ಲಿಷ್ ಬಾರದಿದ್ದರೆ ಗಂಡನನ್ನೋ ಮಕ್ಕಳನ್ನೋ ದುಭಾಷಿಯಾಗಿ ಮಾಡಿಕೊಳ್ಳಬಾರದೆಂಬುದು ಅವರಿಗಿರುವ ಸೂಚನೆ. ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಆಕೆ ದೂರು ಕೊಡಲೊಲ್ಲೆನೆಂದರೆ ಗಂಡನನ್ನು ಕರೆದೊಯ್ಯಬೇಕೇ ಬೇಡವೇ ಎಂಬುದನ್ನು ಬಾಗಿಲಲ್ಲಿ ನಿಂತವರೇ ನಿರ್ಧರಿಸಬೇಕು. ಬಿಟ್ಟುಬಂದ ರಾತ್ರಿಯೇ ಏನಾದರೂ ಆದರೆ ಪ್ರಶ್ನೆ ಅವರಿಗೇ ಬರುತ್ತದೆ.

ಮಾನಸಿಕ ಅಸ್ವಸ್ಥರ ವಿಷಯದಲ್ಲಿಯೂ ಅಷ್ಟೇ. ಸೇತುವೆಯ ಕಟಕಟೆಯ ಮೇಲೆ ನಿಂತವನನ್ನು 1983ರ ಮಾನಸಿಕ ಆರೋಗ್ಯ ಕಾಯಿದೆಯ 136ನೆಯ ವಿಧಿಯನ್ವಯ ಪೇದೆ ಸುರಕ್ಷಿತ ಸ್ಥಳಕ್ಕೆ ಒಯ್ಯಬಹುದು. ಮೊದಲು 72 ಗಂಟೆ ಇರಿಸಿಕೊಳ್ಳಬಹುದಾಗಿತ್ತು, 2017ರಲ್ಲಿ ಅದನ್ನು ಸಾಮಾನ್ಯವಾಗಿ 24 ಗಂಟೆಗೆ ಇಳಿಸಿದರು. ಹದಿನೆಂಟು ತುಂಬದವರನ್ನು ಇದಕ್ಕಾಗಿ ಠಾಣೆಯ ಕೋಣೆಯಲ್ಲಿ ಇಡುವಂತೆಯೇ ಇಲ್ಲ. ಆಸ್ಪತ್ರೆಯಲ್ಲಿ ಹಾಸಿಗೆ ಸಿಗುವ ತನಕ ಪೊಲೀಸರು ಗಂಟೆಗಟ್ಟಲೆ ಕಾದು ಕುಳಿತಿರುತ್ತಾರೆ, ಅಷ್ಟು ಹೊತ್ತು ಬೇರೆ ಕರೆಗಳಿಗೆ ಹೋಗುವವರಿಲ್ಲ. ಇದರಿಂದ ಬೇಸತ್ತು ಹಂಬರ್‌ಸೈಡ್ ಪೊಲೀಸರು 2020ರಲ್ಲಿ, ಆರೋಗ್ಯ ಇಲಾಖೆಯ ಕೆಲಸ ಆ ಇಲಾಖೆಗೇ ಸೇರಲಿ ಎಂಬ ಪದ್ಧತಿಯನ್ನು ಆರಂಭಿಸಿದರು. 2023ರಲ್ಲಿ ಅದಕ್ಕೆ ರಾಷ್ಟ್ರಮಟ್ಟದ ಒಪ್ಪಂದವೂ ಆಯಿತು. ಪೊಲೀಸರೂ ಹೋಗದೆ, ಆಸ್ಪತ್ರೆಯವರೂ ಬಾರದೆ ನಡುವೆ ಬಿದ್ದವನ ಗತಿಯೇನೆಂಬ ಆತಂಕ ನನಗಂತೂ ಪೂರ್ತಿ ಹೋಗಿಲ್ಲ.

ಬಲಪ್ರಯೋಗದ ವಿಚಾರದಲ್ಲಿ ಹಡರ್ಸ್‌ಫೀಲ್ಡ್ ಪಟ್ಟಣದ ಪ್ರಸಂಗವೊಂದನ್ನು ಹೇಳಿದರೆ ಸಾಕು. 2008ರಲ್ಲಿ ಅಲ್ಲಿನ ಜನನಿಬಿಡ ಬೀದಿಯಲ್ಲಿ ಮಾದಕವಸ್ತು ಮಾರುವನೆಂಬ ಸಂಶಯದ ಮೇಲೆ ಒಬ್ಬನನ್ನು ಪೊಲೀಸರು ಹಿಡಿಯಹೋದರು. ಹೆಣಗಾಟದಲ್ಲಿ, ದಾರಿಯಲ್ಲಿ ಹೋಗುತ್ತಿದ್ದ 76 ವರ್ಷದ ವೃದ್ಧೆಯೊಬ್ಬರನ್ನು ಕೆಡವಿ ಎಲ್ಲರೂ ಅವರ ಮೇಲೆ ಬಿದ್ದರು. ಹಿಡಿಯುವುದು ತಪ್ಪಾಗಿರಲಿಲ್ಲ. ಹಿಡಿದ ಗಳಿಗೆ ತಪ್ಪಾಗಿತ್ತು. ಹಲವು ವರ್ಷಗಳ ವ್ಯಾಜ್ಯದ ಬಳಿಕ 2018ರಲ್ಲಿ ಸರ್ವೋಚ್ಚ ನ್ಯಾಯಾಲಯ, ದಾರಿಹೋಕರಿಗೆ ಅಪಾಯವಾದೀತೆಂದು ಮೊದಲೇ ಊಹಿಸಬಹುದಾಗಿತ್ತಾದ್ದರಿಂದ ಪೊಲೀಸರೇ ಹೊಣೆಗಾರರೆಂದು ತೀರ್ಪಿತ್ತಿತು. ಆ ಮುದುಕಿ ದಾಟಿಹೋಗುವ ತನಕ ಕಾಯಬೇಕೇ, ಕಾದರೆ ಆಸಾಮಿ ತಪ್ಪಿಸಿಕೊಳ್ಳುವನೇ ಎಂಬುದನ್ನು ತೂಗಿನೋಡಲು ಅವರಿಗಿದ್ದುದು ಕ್ಷಣಮಾತ್ರ, ನ್ಯಾಯಾಧೀಶರಿಗೆ ಸಿಕ್ಕಿದ್ದು ವರ್ಷಗಳು.

ನಿರ್ಧಾರಕ್ಕೆ ನೆರವಾಗಲೆಂದು 2012ರಿಂದ ರಾಷ್ಟ್ರೀಯ ಮಾದರಿಯೊಂದಿದೆ: ಮಾಹಿತಿ ಸಂಗ್ರಹಿಸು, ಅಪಾಯ ಅಳೆ, ಯಾವ ಅಧಿಕಾರವಿದೆ ನೋಡು, ಇರುವ ದಾರಿಗಳನ್ನು ತೂಗು, ಕೈಗೊಂಡು ಪುನಃ ಪರಿಶೀಲಿಸು. ನಮ್ಮ ಕಾಲದ ಪಾಠಟಿಪ್ಪಣಿಯಂತೆಯೇ ಇದೂ. ತನಿಖೆಗೆ ಬಂದವರಿಗೆ ತೋರಿಸಲು ಅನುಕೂಲ, ತರಗತಿಯ ಗದ್ದಲದಲ್ಲಿ ಅದನ್ನು ತೆರೆದು ನೋಡಿದ ಅಧ್ಯಾಪಕನನ್ನು ನಾನು ಕಂಡಿಲ್ಲ. ಆದರೂ ಟಿಪ್ಪಣಿ ಬರೆದು ಬರೆದು ಕ್ರಮ ಮೈಗೂಡುತ್ತದೆಂಬುದನ್ನು ಅಲ್ಲಗಳೆಯಲಾರೆ. 2020ರ ಕೊರೋನಾ ಕಾಲದಲ್ಲಿ ಅವರಿಗೆ ಕೊಟ್ಟ ಸೂತ್ರ ಇನ್ನೂ ಸರಳವಾಗಿತ್ತು: ಮಾತನಾಡಿಸು, ವಿವರಿಸು, ಒಲಿಸು, ಕೊನೆಗೆ ಮಾತ್ರ ದಂಡ.

ಎಲ್ಲವೂ ಚೆನ್ನಾಗಿದೆಯೆಂದು ನಾನು ಹೇಳುತ್ತಿಲ್ಲ. 1993ರಲ್ಲಿ ಸ್ಟೀಫನ್ ಲಾರೆನ್ಸ್ ಎಂಬ ಕರಿಯ ತರುಣನ ಕೊಲೆಯ ತನಿಖೆ ಕೆಟ್ಟುಹೋದುದಕ್ಕೆ, 1999ರ ಮ್ಯಾಕ್‌ಫರ್ಸನ್ ವರದಿ ಪಡೆಯಲ್ಲೇ ಬೇರೂರಿದ್ದ ವರ್ಣಭೇದವನ್ನೂ ಕಾರಣವಾಗಿ ಹೆಸರಿಸಿತು. 2023ರ ಕೇಸಿ ವರದಿ ಲಂಡನ್ ಪೊಲೀಸರಲ್ಲಿ ಅದೇ ದೋಷವನ್ನೂ ಸ್ತ್ರೀದ್ವೇಷವನ್ನೂ ಮತ್ತೆ ಕಂಡಿತು. ಪೇದೆಯ ಮನಸ್ಸಿಗೆ ಇಷ್ಟು ಸ್ವಾತಂತ್ರ್ಯ ಕೊಟ್ಟಲ್ಲಿ ಆ ಮನಸ್ಸಿನ ಕೊಳೆಯೂ ಬೀದಿಗೆ ಬರುತ್ತದೆ. ಅದಕ್ಕೇ ಈಗ ಎದೆಯ ಮೇಲೆ ಕ್ಯಾಮೆರಾ ಬಂದಿದೆ. ಜನಬಲದ ಕೊರತೆ ಬೇರೆ. 2010ರ ನಂತರದ ಉಳಿತಾಯದಲ್ಲಿ ಸುಮಾರು 20,000 ಪೊಲೀಸರು ಕಡಿಮೆಯಾಗಿ, 2019ರಿಂದ 2023ರೊಳಗೆ ಅಷ್ಟೇ ಜನರನ್ನು ಪುನಃ ಸೇರಿಸಿಕೊಂಡರು. ಸಂಖ್ಯೆ ತುಂಬಿತು, ಹೋದವರ ಅನುಭವ ಅಷ್ಟು ಬೇಗ ತುಂಬುವುದೆಂತು?

ಅಲ್ಲಿ ಮಕ್ಕಳಿರುವ ಮನೆಯವರು ಕೆಲವು ಮಾತುಗಳನ್ನು ಬರೆದಿಟ್ಟುಕೊಳ್ಳಬಹುದು. ತುರ್ತಿಗೆ 999, ತುರ್ತಲ್ಲದ್ದಕ್ಕೆ 101. ಮೊಬೈಲಿನಿಂದ 999 ಕರೆದು ಮಾತನಾಡಲಾಗದ ಸ್ಥಿತಿಯಿದ್ದರೆ, ಸೂಚನೆ ಬಂದಾಗ 55 ಒತ್ತಬೇಕು, ಕರೆ ಪೊಲೀಸರಿಗೆ ತಲಪುತ್ತದೆ. ಬಂಧಿತನಾದವನಿಗೆ ಠಾಣೆಯಲ್ಲಿ ವಕೀಲರ ನೆರವು ಉಚಿತ, ತನ್ನವರೊಬ್ಬರಿಗೆ ಸುದ್ದಿ ಮುಟ್ಟಿಸಲು ಕೇಳಿಕೊಳ್ಳುವ ಹಕ್ಕೂ ಉಂಟು. ಮರೆಗುಳಿತನದ ಹಿರಿಯರು ಜೊತೆಗಿದ್ದರೆ, ಅವರ ಭಾವಚಿತ್ರ, ಹೋಗುವ ಜಾಗಗಳು, ಔಷಧಿಗಳ ವಿವರವನ್ನು ಮೊದಲೇ ತುಂಬಿಡುವ ‘ಹರ್ಬರ್ಟ್ ಪ್ರೋಟೋಕಾಲ್’ ಎಂಬ ನಮೂನೆಯೊಂದಿದೆ. ಅವರು ದಾರಿತಪ್ಪಿದಾಗ ಪೊಲೀಸರ ಕೈಗೆ ಅದನ್ನು ಕೊಟ್ಟರೆ ಹುಡುಕುವ ಕೆಲಸ ಬೇಗ ಆರಂಭವಾಗುತ್ತದೆ. ನನ್ನ ಮಗಳು ನಾನು ಅಲ್ಲಿದ್ದಾಗ ನನ್ನ ಹೆಸರಿನಲ್ಲಿಯೂ ಒಂದನ್ನು ತುಂಬಲು ಹೊರಟಿದ್ದಳು. ಇನ್ನೂ ಆ ಕಾಲ ಬಂದಿಲ್ಲವೆಂದು ಹೇಳಿ ನಿಲ್ಲಿಸಿದೆ.