ಲ್ಯಾಪ್‌ಟಾಪ್ ನಿಧಾನವಾದರೆ ವೈರಸ್ಸೇ ಆಗಬೇಕಿಲ್ಲ

ನಾಸಿಕಕ್ಕೆ ಬಂದ ಹೊಸದರಲ್ಲಿ ಮರಾಠಿಯ ‘ಮಾರಣೆ’ ಎಂಬ ಪದ ನನಗೆ ತಮಾಷೆಯಾಗಿ ಕೇಳುತ್ತಿತ್ತು. ಇಲ್ಲಿನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಲ್ಯಾಪ್‌ಟಾಪ್ ಒಯ್ದರೆ, ಹುಡುಗ ಅದನ್ನು ಆನ್ ಮಾಡುವ ಮೊದಲೇ ‘ಫಾರ್ಮ್ಯಾಟ್ ಮಾರಾವಾ ಲಾಗೇಲ್’ ಅಂದುಬಿಡುತ್ತಾನೆ. ಫಾರ್ಮ್ಯಾಟ್ ಹೊಡೀಬೇಕು ಎಂದರ್ಥ. ಕನ್ನಡದ ಕಿವಿಗೆ ಮಾತ್ರ ಅದು ಏನನ್ನೋ ಮಾರಿಬಿಡುವ ಮಾತು. ಯೋಚಿಸಿದರೆ ಅದೂ ಪೂರ್ತಿ ತಪ್ಪಲ್ಲ. ಕೈಯಿಂದ ದುಡ್ಡು ಕೊಟ್ಟು, ಹತ್ತು ವರ್ಷದ ಫೋಟೊ, ಕಾಗದಪತ್ರಗಳನ್ನೂ ಅಲ್ಲೇ ಬಿಟ್ಟು ಬಂದವರು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ.

ನಾನು ನಾಸಿಕದಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಕೆಲಸದ ಮೇಲೆ ಛತ್ರಪತಿ ಸಂಭಾಜಿನಗರಕ್ಕೂ ಆಗಾಗ ಹೋಗಿಬರುತ್ತೇನೆ. ಎಂ.ಟೆಕ್.ನಲ್ಲಿ ಓದಿದ್ದು ಬೇರೆ, ಮನೆ ಲ್ಯಾಪ್‌ಟಾಪ್ ರಿಪೇರಿ ಬೇರೆ ಎಂದು ಎಷ್ಟು ಹೇಳಿದರೂ ಇಲ್ಲಿನ ಕನ್ನಡ ಕುಟುಂಬಗಳು ಒಪ್ಪುವುದಿಲ್ಲ. ‘ಸಾಫ್ಟ್‌ವೇರ್‌ನೋರು, ಇಷ್ಟು ಗೊತ್ತಿರಲ್ವಾ?’ ಅನ್ನುತ್ತಾರೆ. 2025ರ ಅಕ್ಟೋಬರ್ ನಂತರವಂತೂ ಇಂಥ ಕರೆಗಳು ಹೆಚ್ಚಾಗಿವೆ. ಆ ತಿಂಗಳ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು. ಹಳೆಯ ಲ್ಯಾಪ್‌ಟಾಪಿನ ಪರದೆಯ ಮೇಲೆ ಸೂಚನೆ ಬಂತು, ಮನೆಮಂದಿ ಹೆದರಿದರು, ಅಂಗಡಿಯವರು ‘ಹೊಸದು ತಗೊಳ್ಳಿ’ ಅಂದರು.

ಬೆಂಬಲ ನಿಂತಿತು ಎಂದರೆ ಕಂಪ್ಯೂಟರ್ ಕೆಟ್ಟಿತು ಎಂದಲ್ಲ. ಅದು ನಿನ್ನೆಯಂತೆಯೇ ನಡೆಯುತ್ತದೆ. ಆದರೆ ಇನ್ನು ಮುಂದೆ ಅದರಲ್ಲಿ ಪತ್ತೆಯಾಗುವ ಭದ್ರತಾ ದೋಷಗಳಿಗೆ ತೇಪೆ ಬರುವುದಿಲ್ಲ. ಇದರ ಪರಿಣಾಮ ಏನೆಂದು 2017ರ ಮೇ ತಿಂಗಳಲ್ಲಿ ಜಗತ್ತು ನೋಡಿದೆ. ಆಗ ಹರಡಿದ ವಾನಾಕ್ರೈ ಎಂಬ ಸುಲಿಗೆ ವೈರಸ್ ಹೊಕ್ಕ ದೋಷಕ್ಕೆ ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ಅದನ್ನು ಹಾಕಿಕೊಳ್ಳದ ಕಂಪ್ಯೂಟರ್‌ಗಳೇ ಹೆಚ್ಚಾಗಿ ಸಿಕ್ಕಿಬಿದ್ದವು. ಬ್ರಿಟನ್ನಿನ ಆಸ್ಪತ್ರೆಗಳ ಕೆಲಸವೂ ಅಸ್ತವ್ಯಸ್ತವಾಯಿತು.

ಹಾಗಾದರೆ ವಿಂಡೋಸ್ 11 ಹಾಕಿಕೊಂಡರಾಯಿತಲ್ಲ? ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಆದರೆ ಬಹುತೇಕ ಎಂಟನೇ ತಲೆಮಾರಿನ ಅಥವಾ ನಂತರದ ಪ್ರೊಸೆಸರ್ ಬೇಕು. 2016ರಲ್ಲಿ ಕೊಂಡ ಗಟ್ಟಿಮುಟ್ಟಾದ ಲ್ಯಾಪ್‌ಟಾಪ್ ಕೂಡ ಇಲ್ಲಿ ಅನುತ್ತೀರ್ಣ. ಅಡ್ಡದಾರಿಯಲ್ಲಿ ಹಾಕುವ ಉಪಾಯಗಳಿವೆ. ಹಾಗೆ ಹಾಕಿದರೆ ಅಪ್‌ಡೇಟ್‌ಗೆ ಖಾತರಿಯಿಲ್ಲ ಎಂದು ಕಂಪನಿಯೇ ಹೇಳಿದೆ. ಮನೆಯ ಹಿರಿಯರ ಲ್ಯಾಪ್‌ಟಾಪಿಗೆ ನಾನು ಆ ದಾರಿ ಹಿಡಿಯುವುದಿಲ್ಲ. ಸದ್ಯಕ್ಕೆ ಉಸಿರಾಡಲು ಒಂದು ವ್ಯವಸ್ಥೆ ಇದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಮಾಡಿಕೊಂಡರೆ ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಹಣವಿಲ್ಲದೆ ಸಿಗುತ್ತದೆ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಹೇಳಿದರೆ ಅವರಿಗೇನು ಲಾಭ?

ಓಝರ್‌ನ ಎಚ್‌ಎಎಲ್ ವಿಮಾನ ಕಾರ್ಖಾನೆಯ ಕೆಲಸಕ್ಕೆಂದು ಬೆಂಗಳೂರಿನಿಂದ ಬಂದು, ನಿವೃತ್ತಿಯ ನಂತರ ನಾಸಿಕದಲ್ಲೇ ಉಳಿದ ತುಮಕೂರು ಕಡೆಯ ಹಿರಿಯರೊಬ್ಬರಿದ್ದಾರೆ. ಅವರ ಲ್ಯಾಪ್‌ಟಾಪ್ ಆನ್ ಆಗಲು ಏಳು ನಿಮಿಷ ಹಿಡಿಯುತ್ತಿತ್ತು. ‘ವೈರಸ್ ತುಂಬಿದೆ, ಫಾರ್ಮ್ಯಾಟ್ ಮಾಡಿದರೂ ಇದು ಬಾಳುವುದಿಲ್ಲ’ ಎಂದು ಅಂಗಡಿಯವರು ತೀರ್ಪು ಕೊಟ್ಟಿದ್ದರು. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದೆ. ಪ್ರೊಸೆಸರ್ ಹೆಚ್ಚುಕಡಿಮೆ ಸುಮ್ಮನೆ ಕೂತಿತ್ತು; ಡಿಸ್ಕ್ ಮಾತ್ರ ಶೇ 100. ಒಳಗೆ ಎರಡು ಆ್ಯಂಟಿವೈರಸ್ ಇದ್ದವು. ಒಂದು ಲ್ಯಾಪ್‌ಟಾಪಿನ ಜೊತೆಗೇ ಬಂದು ಅವಧಿ ಮುಗಿದದ್ದು, ಇನ್ನೊಂದು ಅಂಗಡಿಯವರು ಹಾಕಿದ್ದು. ಒಂದೇ ಮನೆಗೆ ಇಬ್ಬರು ಕಾವಲುಗಾರರು, ಪ್ರತಿ ಫೈಲನ್ನೂ ಇಬ್ಬರೂ ತಡವಿ ನೋಡುತ್ತಿದ್ದರು.

ಹಳೆಯ ಹಾರ್ಡ್ ಡಿಸ್ಕಿನೊಳಗೆ ತಟ್ಟೆ ತಿರುಗುತ್ತದೆ, ಗ್ರಾಮಫೋನಿನ ಮುಳ್ಳಿನಂಥ ಒಂದು ತೋಳು ಅದರ ಮೇಲೆ ಓಡಾಡಿ ಫೈಲು ಹುಡುಕುತ್ತದೆ. ಅಲ್ಲೊಂದು ಇಲ್ಲೊಂದು ಚೂರು ಹುಡುಕುವ ಕೆಲಸವನ್ನು ಅದು ಸೆಕೆಂಡಿಗೆ ನೂರರ ಆಸುಪಾಸು ಸಲ ಮಾಡಬಲ್ಲದು. ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ, ಅದೇ ಕೆಲಸ ಹತ್ತಾರು ಸಾವಿರ ಸಲ ಆಗುತ್ತದೆ. ವಿಂಡೋಸ್ 10 ಹಿನ್ನೆಲೆಯಲ್ಲಿ ಮಾಡುವ ನೂರೆಂಟು ಕೆಲಸಗಳಿಗೆ ಆ ಮುಳ್ಳು ಓಡಿ ಓಡಿ ಸಾಕಾಗುತ್ತದೆ. ಇದನ್ನೇ ನಾವು ವೈರಸ್ ಅಂದುಕೊಳ್ಳುತ್ತೇವೆ. ನನ್ನ ಬಳಿ ಬರುವ ‘ವೈರಸ್’ ದೂರುಗಳಲ್ಲಿ ಹೆಚ್ಚಿನವು ಇದೇ ಜಾತಿಯವು. ಉಳಿದದ್ದರಲ್ಲಿ ದೂಳು ಹಿಡಿದ ಫ್ಯಾನ್‌ಗೂ ಒಂದು ಪಾಲಿದೆ. ಬಿಸಿಯಾದರೆ ಪ್ರೊಸೆಸರ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ, ಮರಾಠವಾಡದ ಬೇಸಿಗೆಯಲ್ಲಂತೂ ಕೇಳುವುದೇ ಬೇಡ.

ಎಸ್‌ಎಸ್‌ಡಿ ಹಾಕಿ, ರ್‍ಯಾಮ್ ಅನ್ನು 4 ಜಿಬಿಯಿಂದ 8ಕ್ಕೆ ಏರಿಸಿದ್ದಕ್ಕೆ ಹೊಸ ಲ್ಯಾಪ್‌ಟಾಪಿನ ಬೆಲೆಯ ಸಣ್ಣ ಪಾಲಷ್ಟೇ ಖರ್ಚಾಯಿತು. ಆದರೆ ಆ ಕೆಲಸಕ್ಕೆ ಕೈಹಾಕುವ ಮೊದಲು ಡೆಸ್ಕ್‌ಟಾಪ್ ಮೇಲಿದ್ದ ಒಂದು ಫೋಲ್ಡರ್ ಏನೆಂದು ಕೇಳಿದೆ. ‘ಅದಾ? ನಮ್ಮಮ್ಮ ಹೇಳ್ತಿದ್ದ ಸೋಬಾನೆ ಪದಗಳು ಕಣಪ್ಪಾ. ರಿಟೈರ್ ಆದ್ಮೇಲೆ ಒಂದೊಂದೇ ನೆನಪು ಮಾಡ್ಕೊಂಡು ಕುಟ್ಟಿದ್ದು’ ಅಂದರು. ಇನ್ನೂರು ಪುಟ. ಬೇರೆ ಎಲ್ಲೂ ಪ್ರತಿ ಇಲ್ಲ. ಹಾಡಿದವರು ತೀರಿಕೊಂಡು ಬಹಳ ವರ್ಷವಾಗಿದೆ. ಡೆಸ್ಕ್‌ಟಾಪ್ ಎಂಬುದು ಸಿ ಡ್ರೈವ್‌ನದೇ ಭಾಗ. ಫಾರ್ಮ್ಯಾಟ್ ಮಾಡಿದರೆ ಮೊದಲು ಹೋಗುವುದೇ ಅದು. ಅಂಗಡಿಯವನಿಗೆ ಇದನ್ನು ಮರಾಠಿಯಲ್ಲೇ ಹೇಳಬೇಕು: ‘ಆಧೀ ಡೇಟಾ ಕಾಢಾ, ಮಗ ಫಾರ್ಮ್ಯಾಟ್.’ ಮೊದಲು ಡೇಟಾ ತೆಗೆಯಿರಿ, ಆಮೇಲೆ ಫಾರ್ಮ್ಯಾಟ್. ಬಾಯಿಪಾಠ ಮಾಡಿಟ್ಟುಕೊಳ್ಳಿ.

ಇನ್ನು ಯಾವ ಓಎಸ್ ಎಂಬ ಪ್ರಶ್ನೆ. ಅವರಿಗೆ ಬೇಕಿದ್ದುದು ಬ್ರೌಸರ್, ಪಿಂಚಣಿಯ ಪಿಡಿಎಫ್‌ಗಳು, ಮೊಮ್ಮಗಳ ಜೊತೆ ವಿಡಿಯೊ ಕರೆ, ಕನ್ನಡ ಟೈಪಿಂಗ್. ಇಷ್ಟಕ್ಕೆ ಲಿನಕ್ಸ್ ಮಿಂಟ್ ಧಾರಾಳ ಸಾಕು. ಉಚಿತ, ಮತ್ತು ಅದರ 22ನೇ ಆವೃತ್ತಿಗೆ 2029ರವರೆಗೆ ಭದ್ರತಾ ಅಪ್‌ಡೇಟ್ ಇದೆ. ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಬಹುದು, ಒಪ್ಪಿಗೆಯಾಗದಿದ್ದರೆ ಪೆನ್‌ಡ್ರೈವ್ ತೆಗೆದರೆ ಹಳೆಯ ವಿಂಡೋಸ್ ಹಾಗೇ ಇರುತ್ತದೆ. ಅವರ ಆತಂಕ ಒಂದೇ: ‘ಇದರಲ್ಲಿ ನುಡಿ ಬರುತ್ತೇನಪ್ಪಾ?’ ನುಡಿ ತಂತ್ರಾಂಶ ವಿಂಡೋಸ್‌ನದು. ಆದರೆ ಅದರ ಕೀಲಿಮಣೆ, ಅಂದರೆ ಕೆ.ಪಿ. ರಾವ್ ರೂಪಿಸಿದ ವಿನ್ಯಾಸವನ್ನು ಆಧರಿಸಿದ ಕ.ಗ.ಪ. ಕೀಲಿಮಣೆ, ಲಿನಕ್ಸ್‌ನಲ್ಲೂ ಇದೆ. ಐಬಸ್ ಎಂಬ ಸೌಲಭ್ಯದ ಜೊತೆ ಎಂ17ಎನ್ ಎಂಬ ಸಣ್ಣ ಪ್ಯಾಕೇಜ್ ಹಾಕಿಕೊಂಡರೆ ಸಿಗುತ್ತದೆ. ಅವರು ತಮ್ಮ ಹೆಸರು, ಊರಿನ ಹೆಸರು ಕುಟ್ಟಿ, ಒತ್ತಕ್ಷರ ಸರಿಯಾಗಿ ಬಂದದ್ದು ನೋಡಿ ‘ಸರಿ, ಹಾಕು’ ಅಂದರು.

ಸಂಭಾಜಿನಗರದ ಬಸ್ ನಿಲ್ದಾಣದಲ್ಲಿ ‘ಕನ್ನಡ’ ಎಂದು ಬೋರ್ಡ್ ಹೊತ್ತ ಬಸ್ ಕಂಡು ನೀವೂ ಒಮ್ಮೆ ಬೆಚ್ಚಿರಬಹುದು. ಅದು ಆ ಜಿಲ್ಲೆಯದೇ ಒಂದು ತಾಲ್ಲೂಕಿನ ಹೆಸರು. ಅಂಥದ್ದೊಂದು ಸಂಭಾಜಿನಗರ ಪ್ರಯಾಣದಲ್ಲೇ ನಿಜವಾದ ವೈರಸ್ ಸಿಕ್ಕಿತು. ವಾಳೂಜ್ ಕೈಗಾರಿಕಾ ಪ್ರದೇಶದ ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವ ಹುಬ್ಬಳ್ಳಿಯ ಗೆಳೆಯ ಫೋನ್ ಮಾಡಿ, ‘ಬಾರಲೇ ಒಂಚೂರು, ಪೆನ್‌ಡ್ರೈವ್‌ನ್ಯಾಗಿನ ಫೋಲ್ಡರ್ ಎಲ್ಲಾ ಶಾರ್ಟ್‌ಕಟ್ ಆಗ್ಯಾವ’ ಅಂದ. ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದವರೆಲ್ಲ ಇದನ್ನು ನೋಡಿರುತ್ತಾರೆ. ಈ ವೈರಸ್ ಫೈಲುಗಳನ್ನು ಅಳಿಸುವುದಿಲ್ಲ, ಬಚ್ಚಿಡುತ್ತದೆ. ಅಸಲಿ ಫೋಲ್ಡರನ್ನು ಕಾಣದಂತೆ ಮಾಡಿ ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. ನೀವು ಒತ್ತಿದರೆ ಮೊದಲು ವೈರಸ್ ಓಡುತ್ತದೆ, ಆಮೇಲೆ ಫೋಲ್ಡರ್ ತೆರೆಯುತ್ತದೆ. ತೆರೆದದ್ದರಿಂದ ನಿಮಗೆ ಅನುಮಾನವೇ ಬರುವುದಿಲ್ಲ. ನನ್ನ ಲಿನಕ್ಸ್ ಲ್ಯಾಪ್‌ಟಾಪಿಗೆ ಆ ಪೆನ್‌ಡ್ರೈವ್ ಹಾಕಿದಾಗ ಬಚ್ಚಿಟ್ಟದ್ದೆಲ್ಲ ಎದುರೇ ಕಂಡಿತು. ಡ್ರಾಯಿಂಗ್‌ಗಳನ್ನು ನಕಲಿಸಿಕೊಂಡು ಪೆನ್‌ಡ್ರೈವನ್ನೇ ಫಾರ್ಮ್ಯಾಟ್ ಮಾಡಿದೆವು. ಕೆಲವು ಫಾರ್ಮ್ಯಾಟ್‌ಗಳು ಪುಣ್ಯದ ಕೆಲಸ.

ಅಲ್ಲಿ ಅಳತೆ ತಪಾಸಣೆಯ ಯಂತ್ರಕ್ಕೆ ಜೋಡಿಸಿದ್ದ ಕಂಪ್ಯೂಟರಿನಲ್ಲಿ ಇನ್ನೂ ವಿಂಡೋಸ್ 7 ಇತ್ತು. ಅದಕ್ಕೆ ಬೆಂಬಲ ನಿಂತದ್ದು 2020ರ ಜನವರಿಯಲ್ಲಿ. ಆದರೂ ಬದಲಿಸು ಅನ್ನಲಿಲ್ಲ, ಆ ಯಂತ್ರದ ತಂತ್ರಾಂಶ ಹೊಸದರಲ್ಲಿ ನಡೆಯುವುದಿಲ್ಲ. ಇಂಟರ್ನೆಟ್ ತಂತಿ ಕಿತ್ತಿಟ್ಟೆವು. ಆ ಕಂಪ್ಯೂಟರಿಗೆಂದೇ ಒಂದು ಪೆನ್‌ಡ್ರೈವ್ ಮೀಸಲಿಟ್ಟು, ಬೇರೆ ಕಂಪ್ಯೂಟರಿನಲ್ಲಿ ಸ್ಕ್ಯಾನ್ ಆಗದೆ ಅದು ಒಳಬರಬಾರದು ಎಂದು ಚೀಟಿ ಅಂಟಿಸಿದೆವು. ಇಡೀ ಡಿಸ್ಕಿನ ಒಂದು ನಕಲನ್ನೂ ತೆಗೆದಿಟ್ಟೆವು. ಟ್ಯಾಲಿ ಬಳಸುವವರು, ಪೇಜ್‌ಮೇಕರ್‌ನಲ್ಲಿ ಡಿಟಿಪಿ ಮಾಡುವವರು ಕೂಡ ನನ್ನ ಮಾತು ಕೇಳಿ ಲಿನಕ್ಸ್‌ಗೆ ಹಾರಬೇಡಿ. ಅವೆಲ್ಲ ವಿಂಡೋಸ್‌ಗಾಗಿ ಬರೆದವು.

ವಿಂಡೋಸೇ ಬೇಕೆಂದವರಿಗೆ ಒಂದು ಮಾತು. ಅಂಗಡಿಯಲ್ಲಿ ಹಾಕಿಕೊಡುವ ‘ಕ್ರ್ಯಾಕ್’ ಪ್ರತಿಗಳು ಮೊದಲು ಕೇಳುವುದೇ ಡಿಫೆಂಡರ್ ಆಫ್ ಮಾಡಿ ಎಂದು. ಕಳ್ಳ ಬಂದು ನಾಯಿ ಕಟ್ಟಿಹಾಕಿ ಅಂದಂತೆ. ಫೈಲುಗಳಿಗೆಲ್ಲ ಬೀಗ ಹಾಕಿ ದುಡ್ಡು ಕೇಳುವ ಸ್ಟಾಪ್ ಜೆವು ಎಂಬ ವೈರಸ್ ಮನೆಮನೆಗೆ ಹರಡಿದ್ದು ಮುಖ್ಯವಾಗಿ ಇಂಥ ಕ್ರ್ಯಾಕ್‌ಗಳ ಮೂಲಕವೇ. ತಮಾಷೆಯೆಂದರೆ, ವಿಂಡೋಸ್ ಸಹಿತ ಕೊಂಡ ಲ್ಯಾಪ್‌ಟಾಪಿಗೆ ಕ್ರ್ಯಾಕ್ ಬೇಕಾಗಿಯೇ ಇಲ್ಲ. ವಿಂಡೋಸ್ 8ರ ಕಾಲದಿಂದ ಈಚೆಗೆ ಪರವಾನಗಿಯ ಕೀ ಸಾಮಾನ್ಯವಾಗಿ ಮದರ್‌ಬೋರ್ಡಿನಲ್ಲೇ ಇರುತ್ತದೆ. ಮೈಕ್ರೋಸಾಫ್ಟ್ ತಾಣದಿಂದ ಇಳಿಸಿಕೊಂಡ ಅಸಲಿ ಪ್ರತಿ ಹಾಕಿದರೆ ಅದು ತಾನಾಗಿಯೇ ಸಕ್ರಿಯವಾಗುತ್ತದೆ. ಅದರೊಳಗಿನ ಡಿಫೆಂಡರ್ ಒಂದೇ ಮನೆಬಳಕೆಗೆ ಸಾಕು ಎಂಬುದು ನನ್ನ ಅಭಿಪ್ರಾಯ. ಗಟ್ಟಿ ಅನುಮಾನವಿದ್ದರೆ ಅದರಲ್ಲೇ ‘ಆಫ್‌ಲೈನ್ ಸ್ಕ್ಯಾನ್’ ಇದೆ. ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುತ್ತದೆ.

ನಾಸಿಕದ ಹಿರಿಯರ ಕೆಲಸ ಇನ್ನೂ ಬಾಕಿಯಿದೆ. ಅವರು ಕುಟ್ಟಿದ್ದು ನುಡಿಯ ಹಳೆಯ ಫಾಂಟಿನಲ್ಲಿ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹಾಗಾಗಿ ವಿಂಡೋಸ್ ತೆಗೆಯುವ ಮೊದಲೇ ಎಲ್ಲವನ್ನೂ ಪರಿವರ್ತಕದಲ್ಲಿ ಹಾಯಿಸಿ ಯೂನಿಕೋಡ್‌ಗೆ ತಂದೆವು. ಪರಿವರ್ತನೆಯಲ್ಲಿ ಅರ್ಕಾವತ್ತು ಬಂದ ಕಡೆ ಅಲ್ಲಲ್ಲಿ ಎಡವಟ್ಟಾಗಿದೆ. ಹಳೆಯ ಹಾರ್ಡ್ ಡಿಸ್ಕನ್ನು ಯುಎಸ್‌ಬಿ ಡಬ್ಬಿಯೊಳಗೆ ಕೂರಿಸಿ ಕೊಟ್ಟಿದ್ದೇನೆ, ಮೂಲ ಪ್ರತಿ ಅದರಲ್ಲಿದೆ. ಇನ್ನೊಂದು ಪ್ರತಿ ಮೈಸೂರಿನಲ್ಲಿರುವ ಮಗಳ ಬಳಿ ಇದೆ. ಅಪ್ಪ ಇಲ್ಲಿ, ಮಗಳು ಅಲ್ಲಿ ಕೂತು ರಾತ್ರಿ ಹೊತ್ತು ಫೋನಿನಲ್ಲಿ ಸಾಲು ಸಾಲಾಗಿ ತಿದ್ದುತ್ತಿದ್ದಾರೆ. ಮೊನ್ನೆಗೆ ಅರವತ್ತನೇ ಪುಟ ಮುಗಿದಿತ್ತು.