ದುರ್ಗದ ಮಾತು, ಬಂಡೆಯ ಬರಹ

ಬರಹವು ಮಾತಿನ ಪಡಿಯಚ್ಚಲ್ಲ. ಮಾತನ್ನು ಮಗು ಯಾರೂ ಪಾಠ ಹೇಳದೆಯೇ ಕಲಿಯುತ್ತದೆ. ಅಕ್ಷರವನ್ನು ಕೂರಿಸಿಕೊಂಡು ತಿದ್ದಿಸಬೇಕು. ಭಾಷಾವಿಜ್ಞಾನಿಗಳು ಮಾತಿಗೆ ಮೊದಲ ಮಣೆ ಹಾಕುವುದು ಇದಕ್ಕೇ.

ಇವೆರಡೂ ಎಷ್ಟು ದೂರ ನಿಲ್ಲಬಲ್ಲವು ಎಂಬುದಕ್ಕೆ ಚಿತ್ರದುರ್ಗ ಜಿಲ್ಲೆಯಲ್ಲೇ ಸಾಕ್ಷಿಯಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಬಂಡೆ ಶಾಸನಗಳಿವೆ. ಶಾಸನತಜ್ಞ ಬಿ.ಎಲ್. ರೈಸ್ ಇವನ್ನು 1892ರಲ್ಲಿ ಬೆಳಕಿಗೆ ತಂದರು. ಕ್ರಿ.ಪೂ. 3ನೇ ಶತಮಾನದ ಈ ಬರಹದ ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಬರೆದ ಚಪಡನೆಂಬ ಲಿಪಿಕಾರ ತನ್ನ ಕಸುಬಿನ ಹೆಸರನ್ನು ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಅರಸನ ಆಜ್ಞೆಗೆ ದೂರದ ಭಾಷೆಯೇ ತಕ್ಕದ್ದೆನಿಸಿತ್ತು. ಸುತ್ತಲಿನವರ ಆಡುಮಾತಿಗೆ ಬಂಡೆಯ ಮೇಲೆ ಜಾಗವಿರಲಿಲ್ಲ.

ಈ ದೂರದ ಇನ್ನೊಂದು ತುದಿ ಪಶುಪಾಲಕ ಕಾಡುಗೊಲ್ಲರ ಹಟ್ಟಿಗಳಲ್ಲಿದೆ. ಚಳ್ಳಕೆರೆ ತಾಲ್ಲೂಕಿನ ಹಾಡುಗಾರ್ತಿ ಸಿರಿಯಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಹಾಡುಗಳ ಕಣಜವೇ ಬಾಯಲ್ಲಿತ್ತು. ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರರು ಅವನ್ನು ಸಂಗ್ರಹಿಸಿದರು. ಇಂಥ ಹಾಡಿನಲ್ಲಿ ಒಂದೇ ಸಾಲು ಮರಳಿ ಮರಳಿ ಬರುತ್ತದೆ. ಓದುವವನಿಗೆ ಅದು ಬೇಸರವೆನಿಸಬಹುದು. ಹಾಡುವವಳಿಗೆ ಮುಂದಿನ ಸಾಲು ನೆನೆಯಲು ಅದೇ ಆಸರೆ, ಕೇಳುವವರಿಗೆ ಕತೆಯ ಎಳೆ ತಪ್ಪದಿರಲು ಅದೇ ದಾರಿ. ಹಾಳೆಗೆ ಇಳಿಸಿದಾಗ ರಾಗವೂ ಸೊಲ್ಲು ಕೂಡಿಸುವವರ ದನಿಯೂ ಹೊರಗುಳಿಯುತ್ತವೆ.

ಆಡುಮಾತು ಕೆಟ್ಟ ಕನ್ನಡವೆಂಬುದು ಓದಿದವರ ಹಳೆಯ ತಪ್ಪುಕಲ್ಪನೆ. ಬಸ್ಸಿನವರ ಕೂಗಿನಲ್ಲಿ ಹೊಸದುರ್ಗ ‘ಹೊಸ್ದುರ್ಗ’ವಾಗುತ್ತದೆ, ಹಿರಿಯೂರು ‘ಹಿರ್ಯೂರ್’ ಆಗುತ್ತದೆ, ಚಿತ್ರದುರ್ಗ ಬರೀ ‘ದುರ್ಗ’. ‘ಹೋಗುತ್ತೇನೆ’ ಎಂದು ಬರೆದವನೇ ‘ಹೋಗ್ತೀನಿ’ ಅನ್ನುತ್ತಾನೆ. ಇದು ಮನಬಂದಂತೆ ನುಂಗುವುದಲ್ಲ. ಪದದ ನಡುವಿನ, ಕೊನೆಯ ಹ್ರಸ್ವ ಸ್ವರ ಬೀಳಬಹುದು, ಮೊದಲ ಅಕ್ಷರದ್ದು ಬೀಳದು: ‘ಗುಡಿ’ಯನ್ನು ಯಾರೂ ‘ಗ್ಡಿ’ ಅನ್ನುವುದಿಲ್ಲ. ವ್ಯಾಕರಣ ಓದದ ಹೊಳಲ್ಕೆರೆಯ ಕೂಲಿಕಾರನೂ ಈ ನಿಯಮ ಮುರಿಯುವುದಿಲ್ಲ. ಮಹಾಪ್ರಾಣವೂ ಹೀಗೆಯೇ, ‘ಧರ್ಮ’ವೆಂದು ಬರೆದದ್ದು ಹೆಚ್ಚಿನವರ ಬಾಯಲ್ಲಿ ‘ದರ್ಮ’. ಅದಕ್ಕೇ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಬರಹದಿಂದಲೂ ಮಹಾಪ್ರಾಣಗಳನ್ನು ಬಿಡಬಹುದೆಂದು ವಾದಿಸಿದರು. ಅದನ್ನು ಒಪ್ಪಿದವರಿಗಿಂತ ಜಗಳವಾಡಿದವರೇ ಹೆಚ್ಚು.

ಒಂದೇ ಸಮಾಜದಲ್ಲಿ ಮನೆಗೊಂದು, ಸಭೆ ಮತ್ತು ಬರಹಕ್ಕೊಂದು ಭಾಷಾರೂಪವಿರುವ ಸ್ಥಿತಿಯನ್ನು ಭಾಷಾವಿಜ್ಞಾನಿ ಚಾರ್ಲ್ಸ್ ಫರ್ಗುಸನ್ 1959ರ ಲೇಖನದಲ್ಲಿ ‘ಡೈಗ್ಲಾಸಿಯಾ’ ಎಂದು ಕರೆದರು. ಅವರ ಉದಾಹರಣೆಗಳಲ್ಲಿ ಅರಬ್ಬಿ, ಗ್ರೀಕ್ ಭಾಷೆಗಳಿದ್ದವು. ಕನ್ನಡಕ್ಕೂ ಆ ಮಾತು ಬಹುಮಟ್ಟಿಗೆ ಹೊಂದುತ್ತದೆ. ಆದರೆ ಗಡಿ ಈಗ ಸಡಿಲಗೊಂಡಿದೆ. ಮೊಬೈಲಿನಲ್ಲಿ ‘ಬರ್ತೀನಿ’ ಎಂದು ಒತ್ತುವ ಬೆರಳೇ ತಾಲ್ಲೂಕು ಕಚೇರಿಯ ಅರ್ಜಿಯಲ್ಲಿ ‘ಕೋರಿಕೊಳ್ಳುತ್ತೇನೆ’ ಎಂದು ಬರೆಯುತ್ತದೆ.