ಬೆನ್ನುಹುರಿಯ ನಾಳದಲ್ಲಿ ಕೊಬ್ಬು

ಕೊಬ್ಬು ಎಂದೊಡನೆ ನೆನಪಾಗುವುದು ಹೊಟ್ಟೆ, ಸೊಂಟ, ತೊಡೆಗಳು. ಆದರೆ ಬೆನ್ನೆಲುಬಿನ ಒಳಗೂ ಕೊಬ್ಬು ಇರುತ್ತದೆ. ಕಶೇರುಮಣಿಗಳ ರಂಧ್ರಗಳು ಒಂದರ ಮೇಲೊಂದು ಕೂಡಿ ಉಂಟಾದ ನಾಳದಲ್ಲಿ ಬೆನ್ನುಹುರಿ ಹಾಗೂ ನರಮೂಲಗಳಿವೆ. ಇವುಗಳ ಗಟ್ಟಿ ಹೊರಪೊರೆಗೂ ನಾಳದ ಗೋಡೆಗೂ ನಡುವೆ ಕೊಬ್ಬಿನ ತೆಳುಪದರವೊಂದಿದೆ. ನಾವು ಬಾಗಿದಾಗ, ತಿರುಗಿದಾಗ ಅದು ಮೆತ್ತೆಯಂತೆ ವರ್ತಿಸುತ್ತದೆ.

ಈ ಪದರದ ದಪ್ಪ ಸಾಮಾನ್ಯವಾಗಿ 3ರಿಂದ 6 ಮಿಲಿಮೀಟರ್. ಅದು 7 ಮಿಲಿಮೀಟರ್‌ಗಳನ್ನು ಮೀರಿದರೆ ವೈದ್ಯರು 'ಎಪಿಡ್ಯೂರಲ್ ಲೈಪೊಮ್ಯಾಟೋಸಿಸ್' ಎಂದು ಶಂಕಿಸುತ್ತಾರೆ. ಕೊಬ್ಬು ಮೃದುವಾದರೂ ಅದನ್ನು ಸುತ್ತುವರಿದ ಮೂಳೆ ಹಿಗ್ಗದು. ಆದ್ದರಿಂದ ಬೆಳೆದ ಕೊಬ್ಬು ಒಳಮುಖವಾಗಿ ಪೊರೆಯನ್ನೂ ನರಗಳನ್ನೂ ಒತ್ತುತ್ತದೆ. ಬೆನ್ನುನೋವು, ಕಾಲುಗಳಲ್ಲಿ ಜೋಮು, ನಿಶ್ಶಕ್ತಿ ಕಾಣಿಸುತ್ತವೆ. ನಡೆದರೆ ನೋವು, ಮುಂದಕ್ಕೆ ಬಾಗಿ ಕುಳಿತರೆ ನಾಳ ತುಸು ಅಗಲವಾಗಿ ಉಪಶಮನ.

ಕಾರಣಗಳೇನು?

1975ರಲ್ಲಿ ಪ್ರಕಟವಾದ ಮೊದಲ ವರದಿ ಮೂತ್ರಪಿಂಡದ ಕಸಿ ಮಾಡಿಸಿಕೊಂಡ ರೋಗಿಯದು. ಕಸಿಯ ನಂತರ ಕೊಡುವ ಸ್ಟಿರಾಯ್ಡ್‌ಗಳ ದೀರ್ಘಕಾಲದ ಬಳಕೆ ಇದಕ್ಕೆ ಮುಖ್ಯ ಕಾರಣ. ಇವು ದೇಹದ ಕೊಬ್ಬನ್ನು ಮುಖ, ಕತ್ತು, ಮುಂಡಗಳತ್ತ ಮರುಹಂಚುತ್ತವೆ. ದೇಹವೇ ಕಾರ್ಟಿಸಾಲ್ ಅನ್ನು ಅತಿಯಾಗಿ ಸ್ರವಿಸುವ ಕುಶಿಂಗ್ ರೋಗ ಮತ್ತು ಸ್ಥೂಲಕಾಯ ಇತರ ಕಾರಣಗಳು. ಕೆಲವರಲ್ಲಿ ಕಾರಣವೇ ಸಿಗದು.

ಪತ್ತೆ ಹೇಗೆ?

ಇಲ್ಲಿ ಭೌತವಿಜ್ಞಾನ ನೆರವಾಗುತ್ತದೆ. ಎಂಆರ್‌ಐ ಯಂತ್ರದ ಕಾಂತಕ್ಷೇತ್ರದಲ್ಲಿ ರೇಡಿಯೊ ತರಂಗದಿಂದ ಪ್ರಚೋದಿತವಾದ ಪ್ರೋಟಾನುಗಳು ಮೊದಲ ಸ್ಥಿತಿಗೆ ಮರಳಲು ಕೊಬ್ಬಿನಲ್ಲಿ ತೆಗೆದುಕೊಳ್ಳುವ ಕಾಲ ಸೆಕೆಂಡಿನ ಕಾಲು ಭಾಗದಷ್ಟು. ಬೆನ್ನುಹುರಿಯ ಸುತ್ತಲಿನ ದ್ರವದಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹೀಗಾಗಿ 'ಟಿ1' ಚಿತ್ರದಲ್ಲಿ ಕೊಬ್ಬು ಬೆಳ್ಳಗೆ, ದ್ರವ ಕಪ್ಪಗೆ ಕಾಣುತ್ತದೆ. ಅಲ್ಲದೆ 1.5 ಟೆಸ್ಲಾ ಕ್ಷೇತ್ರದಲ್ಲಿ ಇವೆರಡರ ಪ್ರೋಟಾನುಗಳ ಆವೃತ್ತಿಗಳಿಗೆ ಸುಮಾರು 220 ಹರ್ಟ್ಸ್ ವ್ಯತ್ಯಾಸವಿದೆ. ಇದನ್ನು ಬಳಸಿ ಕೊಬ್ಬಿನ ಸಂಕೇತವನ್ನಷ್ಟೇ ಅಳಿಸಬಹುದು. ಆಗ ಬಿಳಿಭಾಗ ಕಪ್ಪಾದರೆ ಅದು ರಕ್ತವಲ್ಲ, ಕೊಬ್ಬೇ ಎಂಬುದು ಖಚಿತ. ಅಡ್ಡಸೀಳಿಕೆಯಲ್ಲಿ ನರಪೊರೆ ಇಂಗ್ಲಿಷಿನ 'ವೈ' ಅಕ್ಷರದಂತೆ ಹಿಸುಕಿಹೋಗಿರುವುದೂ ಉಂಟು.

ಚಿಕಿತ್ಸೆ

ಲಕ್ಷಣಗಳು ಸೌಮ್ಯವಾಗಿದ್ದರೆ ತೂಕ ಇಳಿಸುವುದು, ಸ್ಟಿರಾಯ್ಡ್ ಪ್ರಮಾಣ ತಗ್ಗಿಸುವುದು ಮೊದಲ ಹೆಜ್ಜೆ. ಇದರಿಂದ ಕೊಬ್ಬು ಕರಗಬಲ್ಲದು. ನಿಶ್ಶಕ್ತಿ ಹೆಚ್ಚುತ್ತಿದ್ದರೆ ಕಶೇರುವಿನ ಹಿಂಭಾಗದ ಮೂಳೆಯನ್ನು ತೆರೆದು ಕೊಬ್ಬನ್ನು ತೆಗೆಯುತ್ತಾರೆ. ಮಲಮೂತ್ರಗಳ ಹತೋಟಿ ತಪ್ಪಿದರೆ ತಡಮಾಡದೆ ಆಸ್ಪತ್ರೆ ಸೇರಬೇಕು.

ಒಂದು ಎಚ್ಚರಿಕೆ. ದೀರ್ಘಕಾಲ ಸ್ಟಿರಾಯ್ಡ್ ಸೇವಿಸಿದವರಲ್ಲಿ ಅಡ್ರಿನಲ್ ಗ್ರಂಥಿ ತನ್ನ ಕೆಲಸವನ್ನು ತಗ್ಗಿಸಿರುತ್ತದೆ. ಇದನ್ನು ಓದಿ ಹೆದರಿ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ವೈದ್ಯರ ಸಲಹೆಯಂತೆ ಹಂತಹಂತವಾಗಿಯೇ ಕಡಿಮೆ ಮಾಡಬೇಕು. ಹಾಗೆಯೇ, ಕೀಲುನೋವಿಗೆಂದು ಚೀಟಿಯಿಲ್ಲದೆ ಅಂಗಡಿಯಿಂದ ಕೊಂಡು ನುಂಗುವ ಮಾತ್ರೆಯಲ್ಲಿ ಏನಿದೆ ಎಂದು ಮೊದಲೇ ಕೇಳಿ ತಿಳಿಯುವುದು ಜಾಣತನ.